ಮನೆಯಲ್ಲೇ ಮಾಡುವ ಪುಟ್ಟ ಮಾಟ, ಮನೆಯಲ್ಲೇ ನೋಡುವ ಶಕುನ: ಹೊಸಬರಿಗೆ ಒಂದು ಸಮಗ್ರ ಮಾರ್ಗದರ್ಶಿ

ಮಾಟ ಅಂದ ತಕ್ಷಣ ಜನ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಯಾರೋ ಯಾರಿಗೋ ಕೇಡು ಬಯಸಿ ಮಾಡಿಸಿದ್ದು ಅನ್ನುವ ಅರ್ಥವೇ ಆ ಪದಕ್ಕೆ ಅಂಟಿಕೊಂಡಿದೆ. ಆದರೆ ‘ಮಾಟವಾದ ಮೂಗು’ ಅಂತಲೂ ಹೇಳ್ತೀವಿ ಅಲ್ವಾ? ಅಲ್ಲಿ ಮಾಟ ಅಂದರೆ ಅಂದವಾಗಿ ಮಾಡಿದ್ದು, ಕೈಯಿಟ್ಟು ತಿದ್ದಿದ್ದು. ನಾನಿಲ್ಲಿ ಹೇಳುತ್ತಿರುವುದು ಈ ಎರಡನೇ ಬಗೆಯ ಮಾಟ. ಒಂದು ಮೇಣದ ಬತ್ತಿ, ಒಂದು ದಾರ, ಒಂದು ಕಟ್ಟು ಎಲೆ (ಇಸ್ಪೀಟಿನಂಥ ಕಾರ್ಡು) ಇಟ್ಟುಕೊಂಡು ನಮ್ಮ ದಿನವನ್ನು, ನಮ್ಮ ಮನಸ್ಸನ್ನು ಸ್ವಲ್ಪ ಗಮನ ಕೊಟ್ಟು ನೋಡುವ ಕೆಲಸ.

ಆರು ವರ್ಷದಿಂದ ಇದನ್ನು ಮಾಡಿಕೊಂಡು ಬಂದಿದ್ದೇನೆ. ಮೊದಲ ವರ್ಷ ಪೂರ್ತಿ ತಪ್ಪು ದಾರಿಯಲ್ಲಿದ್ದೆ. ಹರಳು, ಅಗರು, ಬಣ್ಣಬಣ್ಣದ ಬತ್ತಿ ಎಲ್ಲ ತಂದು ಒಟ್ಟಿದ್ದೆ, ಏನು ಮಾಡಿದೆ, ಅದರಿಂದ ಏನಾಯಿತು ಅನ್ನುವುದು ಮಾತ್ರ ಒಂದೂ ನೆನಪಿರುತ್ತಿರಲಿಲ್ಲ. ಹಾಗಾಗಿ ಮೊದಲು ನೋಟ್‌ಬುಕ್ಕಿನ ವಿಷಯ ಹೇಳುತ್ತೇನೆ, ಉಳಿದದ್ದೆಲ್ಲ ಆಮೇಲೆ.

ಮೊದಲು ನೋಟ್‌ಬುಕ್

ಸಾಮಾನ್ಯ ಗೆರೆ ಹಾಳೆಯ ನೋಟ್‌ಬುಕ್ ಸಾಕು. ತುಂಬಾ ಚೆಂದದ್ದು ತಂದರೆ ಕೆಟ್ಟ ಅಕ್ಷರದಲ್ಲಿ ಬರೆಯಲು ಕೈ ಬರುವುದಿಲ್ಲ, ಖಾಲಿಯೇ ಉಳಿಯುತ್ತದೆ. ಪ್ರತಿ ಪುಟದ ನಡುವೆ ಉದ್ದಕ್ಕೆ ಒಂದು ಗೆರೆ ಎಳೆಯಿರಿ. ಎಡಭಾಗದಲ್ಲಿ ತಾರೀಖು, ಹೊತ್ತು, ಚಂದ್ರ ಬೆಳೆಯುತ್ತಿದೆಯೋ ಕರಗುತ್ತಿದೆಯೋ, ನಿಮ್ಮ ಪ್ರಶ್ನೆ, ಬಂದ ಎಲೆ ಅಥವಾ ಕಂಡ ಗುರುತು, ಅದನ್ನು ನೋಡಿದ ಕೂಡಲೇ ಮನಸ್ಸಿಗೆ ಬಂದದ್ದು. ಬಲಭಾಗವನ್ನು ಖಾಲಿ ಬಿಡಿ. ಅದು ಮುಂದೆ ನಿಜವಾಗಿ ನಡೆದದ್ದಕ್ಕೆ ಮೀಸಲು.

ಈ ಖಾಲಿ ಬಲಭಾಗವೇ ಇಡೀ ಅಭ್ಯಾಸದ ಜೀವ. ಯಾಕೆ ಅಂದರೆ ನಮ್ಮ ನೆನಪು ತುಂಬಾ ಧಾರಾಳಿ. ಹತ್ತು ಸಲ ತಪ್ಪಿದ್ದನ್ನು ಮರೆತುಬಿಡುತ್ತದೆ, ಒಂದು ಸಲ ಸರಿಯಾದದ್ದನ್ನು ವರ್ಷಗಟ್ಟಲೆ ಹೊತ್ತುಕೊಂಡು ತಿರುಗುತ್ತದೆ. ಬರೆದಿಟ್ಟರೆ ಆ ಮೋಸ ನಡೆಯುವುದಿಲ್ಲ. ತಪ್ಪಿದ್ದನ್ನೂ ಬರೆಯಿರಿ. ಯಾರಿಗೂ ತೋರಿಸಬೇಕಾಗಿಲ್ಲ.

ಪ್ರಶ್ನೆ ಕೇಳುವುದು ಹೇಗೆ

ಎಲೆ ಹಿಡಿಯುವ ಮುಂಚೆ ಪ್ರಶ್ನೆ ತಿದ್ದಬೇಕು. ‘ಅವರು ನನಗೆ ಫೋನ್ ಮಾಡುತ್ತಾರಾ?’ ಅಂತ ಕೇಳಿದರೆ ಸಿಗುವುದು ಹೌದು ಅಥವಾ ಇಲ್ಲ, ಅದನ್ನು ಹಿಡಿದು ನೀವು ಮಾಡುವುದಕ್ಕೆ ಏನೂ ಇಲ್ಲ, ಕಾಯುತ್ತಾ ಕೂರಬೇಕು ಅಷ್ಟೇ. ‘ಆ ಫೋನಿಗಾಗಿ ನಾನು ಯಾಕೆ ಇಷ್ಟು ಕಾಯುತ್ತಿದ್ದೇನೆ?’ ಅಂತ ಕೇಳಿ ನೋಡಿ. ಈಗ ಯಾವ ಎಲೆ ಬಂದರೂ ಮಾತಾಡುತ್ತದೆ. ನನ್ನ ಲೆಕ್ಕ ಇಷ್ಟೇ: ಪ್ರಶ್ನೆಯಲ್ಲಿ ‘ನಾನು’ ಇರಬೇಕು, ಉತ್ತರ ಸಿಕ್ಕರೆ ನಾಳೆ ಬೆಳಗ್ಗೆ ಮಾಡಬಹುದಾದ ಒಂದು ಕೆಲಸ ಹೊಳೆಯಬೇಕು. ಎರಡರಲ್ಲಿ ಒಂದು ಇಲ್ಲದಿದ್ದರೆ ಪ್ರಶ್ನೆಯನ್ನು ಮತ್ತೆ ಬರೆಯುತ್ತೇನೆ. ಎಷ್ಟೋ ಸಲ ಹೀಗೆ ಮೂರು ಸಲ ಬರೆಯುವಷ್ಟರಲ್ಲೇ ಉತ್ತರ ಸಿಕ್ಕಿ, ಎಲೆ ಮುಟ್ಟದೆ ಎದ್ದಿದ್ದೇನೆ.

ಎಲೆ: ದಿನಕ್ಕೊಂದು, ಅದಕ್ಕಿಂತ ಜಾಸ್ತಿ ಬೇಡ

ಟ್ಯಾರೋ ಅಂದರೆ ಶಕುನ ನೋಡಲು ಬಳಸುವ ಚಿತ್ರದ ಎಲೆಗಳ ಕಟ್ಟು, ಅದರಲ್ಲಿ 78 ಎಲೆ. 22 ದೊಡ್ಡ ಎಲೆಗಳು: ಮರುಳ, ಗೋಪುರ, ನಕ್ಷತ್ರ, ಸಾವು ಇತ್ಯಾದಿ. ಉಳಿದ 56 ಸಣ್ಣವು, ನಾಲ್ಕು ಗುಂಪು, ಒಂದೊಂದರಲ್ಲಿ 14. ಬಟ್ಟಲು ಅಂದರೆ ಭಾವನೆ, ಕತ್ತಿ ಅಂದರೆ ಯೋಚನೆ ಮತ್ತು ಮಾತು, ಕೋಲು ಅಂದರೆ ಹುರುಪು, ನಾಣ್ಯ ಅಂದರೆ ದುಡಿಮೆ, ದುಡ್ಡು, ಮೈ.

ಇದು ಪ್ರಾಚೀನ ಈಜಿಪ್ಟಿನ ಗುಟ್ಟಿನ ವಿದ್ಯೆ ಅಂತ ಓದಿರುತ್ತೀರಿ. ಹಾಗೇನಿಲ್ಲ. ಟ್ಯಾರೋ 15ನೇ ಶತಮಾನದ ಉತ್ತರ ಇಟಲಿಯಲ್ಲಿ ಆಡಲು ಮಾಡಿದ ಎಲೆಯಾಟ. ಈಜಿಪ್ಟಿನ ಕಥೆಯನ್ನು 1781ರಲ್ಲಿ ಫ್ರಾನ್ಸಿನ ಕೂರ್ ದ ಜೆಬಲಾಂ ಅನ್ನುವ ವಿದ್ವಾಂಸ ಹುಟ್ಟುಹಾಕಿದ. ಎಲೆಯಿಂದ ಭವಿಷ್ಯ ನೋಡುವುದು ಜನಪ್ರಿಯವಾದದ್ದೂ ಹೆಚ್ಚುಕಡಿಮೆ ಆ ಕಾಲದಲ್ಲೇ. ಇವತ್ತು ಹೆಚ್ಚಿನವರ ಕೈಯಲ್ಲಿರುವ ಚಿತ್ರಗಳು 1909ರಲ್ಲಿ ಲಂಡನ್ನಿನಲ್ಲಿ ಬಂದ ಕಟ್ಟಿನವು. ಅವನ್ನು ಬರೆದ ಕಲಾವಿದೆ ಪಮೇಲಾ ಕೋಲ್ಮನ್ ಸ್ಮಿತ್. ಸಣ್ಣ ಎಲೆಗಳಲ್ಲೂ ಬರೀ ಗುರುತು ಹಾಕದೆ ಮನುಷ್ಯರನ್ನು, ದೃಶ್ಯಗಳನ್ನು ಬರೆದರು, ಅದರಿಂದಲೇ ಹೊಸಬರಿಗೂ ಓದಲು ಸಾಧ್ಯವಾಯಿತು. ಹಲವು ವರ್ಷ ಆ ಕಟ್ಟಿಗೆ ಪ್ರಕಾಶಕರ ಹೆಸರಿತ್ತು, ಅದನ್ನು ಮಾಡಿಸಿದ ಬರಹಗಾರನ ಹೆಸರಿತ್ತು, ಈಕೆಯ ಹೆಸರಿರಲಿಲ್ಲ. ನಾನಂತೂ ಪ್ರತಿ ಸಲ ಕಟ್ಟು ಬಿಚ್ಚುವಾಗ ಅವರನ್ನು ನೆನೆಯುತ್ತೇನೆ.

ಟ್ಯಾರೋ ಇಲ್ಲದಿದ್ದರೆ ಮನೆಯಲ್ಲಿರುವ 52 ಎಲೆಯ ಇಸ್ಪೀಟ್ ಕಟ್ಟೂ ಆಗುತ್ತದೆ. ಆಟಿನ್ ಬಟ್ಟಲಿಗೆ, ಇಸ್ಪೀಟು ಕತ್ತಿಗೆ, ಕಳಾವರ್ ಕೋಲಿಗೆ, ಡೈಮಂಡ್ ನಾಣ್ಯಕ್ಕೆ ಸರಿಹೊಂದಿಸಿಕೊಳ್ಳಿ.

ಈಗ ಮಾಡುವ ಕ್ರಮ. ಬೆಳಗ್ಗೆ ಫೋನ್ ಮುಟ್ಟುವ ಮುಂಚೆ ಕುಳಿತುಕೊಳ್ಳಿ. ಎಲೆ ಕಲೆಸಿ, ಎಷ್ಟು ಸಲ ಅನ್ನುವ ನಿಯಮವಿಲ್ಲ, ಕೈ ಸಾಕು ಅನ್ನುವವರೆಗೆ. ಕಟ್ಟನ್ನು ಒಮ್ಮೆ ಕತ್ತರಿಸಿ ಮೇಲಿನ ಎಲೆ ತೆಗೆಯಿರಿ. ಎಲೆಗಳ ಅರ್ಥ ಹೇಳುವ ಪುಸ್ತಕ ತೆರೆಯಬೇಡಿ! ಮೊದಲು ಎರಡು ನಿಮಿಷ ಚಿತ್ರ ನೋಡಿ, ಕಂಡದ್ದನ್ನು ಸುಮ್ನೆ ಬರೆಯಿರಿ. ಯಾರಿದ್ದಾರೆ, ಎತ್ತ ನೋಡುತ್ತಿದ್ದಾರೆ, ಆಕಾಶ ಹೇಗಿದೆ, ಕಾಲಡಿ ಏನಿದೆ. ಆಮೇಲೆ ನಿಮ್ಮ ಕಣ್ಣು ಮೊದಲು ಹೋದ ಜಾಗ ಯಾವುದು ಅಂತ ಬರೆಯಿರಿ. ಪುಸ್ತಕದ ಅರ್ಥ ನೋಡುವುದು ಇದೆಲ್ಲ ಮುಗಿದ ಮೇಲೆ.

ಒಂದು ಉದಾಹರಣೆ ಕೊಡುತ್ತೇನೆ. ಬಟ್ಟಲಿನ ಎಂಟು ಅನ್ನುವ ಎಲೆಯಲ್ಲಿ ಕೆಂಪು ನಿಲುವಂಗಿ ತೊಟ್ಟವನೊಬ್ಬ ಕೋಲು ಹಿಡಿದು, ನಮಗೆ ಬೆನ್ನು ಹಾಕಿ ಬೆಟ್ಟದ ಕಡೆ ಹೊರಟಿದ್ದಾನೆ. ಮೇಲೆ ಚಂದ್ರ. ಮುಂದೆ ಎಂಟು ಬಟ್ಟಲು ಪೇರಿಸಿಟ್ಟಿವೆ, ಕೆಳಗೆ ಐದು, ಮೇಲೆ ಮೂರು. ಪುಸ್ತಕಗಳು ‘ಬಿಟ್ಟು ಹೊರಡುವುದು’ ಅನ್ನುತ್ತವೆ. ನನಗೆ ಇದು ಒಂದು ತಿಂಗಳಲ್ಲಿ ಮೂರು ಸಲ ಬಂತು, ಮೊದಲ ಎರಡು ಸಲವೂ ‘ಕೆಲಸ ಬಿಡಬೇಕು’ ಅಂತಲೇ ಓದಿಕೊಂಡೆ. ಮೂರನೇ ಸಲ ಕಂಡದ್ದನ್ನು ಬರೆಯುತ್ತಾ ಹೋದಾಗ ಗಮನಕ್ಕೆ ಬಂತು: ಮೇಲಿನ ಸಾಲಿನಲ್ಲಿ ಬಟ್ಟಲುಗಳ ನಡುವೆ ಒಂದು ಸಂದಿದೆ. ಒಂದು ಬಟ್ಟಲಿನ ಜಾಗ ಖಾಲಿ. ಹೋಗುತ್ತಿರುವವನಿಗೆ ಇದ್ದದ್ದು ಸಾಲದು ಅಂತಲ್ಲ, ಯಾವುದೋ ಒಂದು ಇಲ್ಲ. ಆ ದಿನ ನೋಟ್‌ಬುಕ್ಕಿನಲ್ಲಿ ‘ನನಗೆ ಇಲ್ಲಿ ಇಲ್ಲದ ಆ ಒಂದು ಏನು?’ ಅಂತ ಬರೆದೆ. ಉತ್ತರ ಎರಡೇ ಪದ: ಕಲಿಸುವವರು ಇಲ್ಲ. ಕೆಲಸ ಬಿಡಲಿಲ್ಲ, ಬೇರೆ ವಿಭಾಗ ಕೇಳಿ ಪಡೆದೆ.

ಸಾವಿನ ಎಲೆ ಬಂದರೆ ಹೆದರಬೇಡಿ. ಟ್ಯಾರೋ ಓದುವವರು ಅದನ್ನು ಒಂದು ಘಟ್ಟ ಮುಗಿಯುವುದು ಅಂತಲೇ ಓದುತ್ತಾರೆ. ತಲೆಕೆಳಗಾಗಿ ಬಂದ ಎಲೆಗೆ ಬೇರೆ ಅರ್ಥ ಇಟ್ಟುಕೊಳ್ಳುವುದುಂಟು, ಮೊದಲ ಮೂರು ತಿಂಗಳು ಅದರ ಗೊಡವೆಗೆ ಹೋಗಬೇಡಿ, ನೆಟ್ಟಗೆ ಮಾಡಿಕೊಂಡು ಓದಿ. ದಿನಕ್ಕೊಂದು ಎಲೆ ರೂಢಿಯಾದ ಮೇಲೆ ಮೂರು ಎಲೆ ಇಡಬಹುದು: ಈಗ ಇರುವುದು, ಅಡ್ಡ ಬರುತ್ತಿರುವುದು, ಮೊದಲ ಹೆಜ್ಜೆ. ಹತ್ತು ಎಲೆಯ ದೊಡ್ಡ ಹಾಸುಗಳು ನೋಡಲು ಚೆಂದ, ಆದರೆ ಹೊಸಬರು ಅದರಲ್ಲಿ ಕಳೆದುಹೋಗುತ್ತಾರೆ.

ತೂಗುವ ದಾರ

ಇದನ್ನು ಲೋಲಕ ಅನ್ನಿ, ಪೆಂಡುಲಮ್ ಅನ್ನಿ. ಸುಮಾರು 20 ಸೆಂಟಿಮೀಟರ್ ದಾರ, ಅದರ ತುದಿಗೆ ಉಂಗುರವೋ ಸಣ್ಣ ಬೀಗದ ಕೈಯೋ. ಮೊಣಕೈಯನ್ನು ಮೇಜಿಗೆ ಊರಿ, ದಾರವನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿಯಿರಿ. ಕಾಗದದ ಮೇಲೆ ಕೂಡಿಸುವ ಗುರುತಿನಂತೆ ಎರಡು ಗೆರೆ ಎಳೆದು, ಅವು ಕೂಡುವ ಜಾಗದ ಮೇಲೆ ಉಂಗುರ ನಿಲ್ಲಿಸಿ. ‘ಹೌದು ಅಂದರೆ ಯಾವ ಕಡೆ?’ ಅಂತ ಕೇಳಿ ಕಾಯಿರಿ. ಅರ್ಧ ನಿಮಿಷದಲ್ಲಿ ಅಲುಗಾಡಲು ಶುರುವಾಗುತ್ತದೆ. ಆಮೇಲೆ ‘ಇಲ್ಲ’ ಕೇಳಿ. ಉತ್ತರ ಗೊತ್ತಿರುವ ಎರಡು ಮೂರು ಪ್ರಶ್ನೆ ಕೇಳಿ ಪರೀಕ್ಷಿಸಿ, ನಿಮ್ಮ ಹೆಸರು, ಇವತ್ತಿನ ವಾರ, ಇಂಥವು.

ಅದು ತಾನಾಗಿ ತೂಗುವುದನ್ನು ಮೊದಲ ಸಲ ನೋಡಿದಾಗ ಮೈ ಜುಮ್ಮೆನ್ನುತ್ತದೆ, ನಿಜ. ಆದರೆ ತೂಗಿಸುವುದು ನಿಮ್ಮ ಬೆರಳೇ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಶೆವ್ರೋಲ್ 1833ರಲ್ಲೇ ಇದನ್ನು ಬರೆದಿಟ್ಟ: ತಾನು ಕಣ್ಣು ಬಿಟ್ಟು ನೋಡುತ್ತಿದ್ದರೆ ದಾರ ತೂಗುತ್ತದೆ, ಕಣ್ಣು ಕಟ್ಟಿಕೊಂಡರೆ ತೂಗುವುದಿಲ್ಲ. ಮನಸ್ಸಿನಲ್ಲಿ ಇರುವ ನಿರೀಕ್ಷೆ ನಮಗೇ ತಿಳಿಯದಷ್ಟು ಸಣ್ಣದಾಗಿ ಸ್ನಾಯುವನ್ನು ಅಲುಗಿಸುತ್ತದೆ. 1852ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಕಾರ್ಪೆಂಟರ್ ಇದಕ್ಕೆ ಐಡಿಯೋಮೋಟರ್ ಅನ್ನುವ ಹೆಸರು ಕೊಟ್ಟ. ನೀವೂ ಕಣ್ಣು ಮುಚ್ಚಿ ಪರೀಕ್ಷೆ ಮಾಡಿ, ಪಕ್ಕದಲ್ಲಿ ಒಬ್ಬರು ಕುಳಿತು ನೋಡಲಿ.

ಇದನ್ನು ಕೇಳಿ ಕೆಲವರು ದಾರವನ್ನು ಮೂಲೆಗೆ ಎಸೆಯುತ್ತಾರೆ. ನನಗೆ ಮಾತ್ರ ಇದರ ಮೇಲೆ ಪ್ರೀತಿ ಜಾಸ್ತಿಯಾದದ್ದೇ ಇದನ್ನು ತಿಳಿದ ಮೇಲೆ. ನನ್ನ ಕೈಗೆ ಗೊತ್ತಿದ್ದು ನನ್ನ ಬಾಯಿಗೆ ಬಾರದ ವಿಷಯಗಳಿವೆ ಅನ್ನುವುದನ್ನು ಕಣ್ಣೆದುರು ತೋರಿಸುವ ಇನ್ನೊಂದು ಸಾಧನ ನನಗೆ ಸಿಕ್ಕಿಲ್ಲ. ಒಮ್ಮೆ ಉಂಗುರ ಕಳೆದಿತ್ತು. ಮನೆಯ ನಕ್ಷೆಯನ್ನು ಒರಟಾಗಿ ಬರೆದು, ಒಂದೊಂದು ಕೋಣೆಯ ಮೇಲೆ ಬೀಗದ ಕೈ ತೂಗಿಸಿ ನೋಡಿದೆ. ಬಚ್ಚಲಿನ ಮೇಲೆ ಬಂದಾಗ ಜೋರಾಗಿ ಸುತ್ತಿತು. ಹೋಗಿ ಹುಡುಕಿದರೆ ಸೋಪಿನ ತಟ್ಟೆಯ ಹಿಂದೆ ಇತ್ತು. ಕೈ ತೊಳೆಯುವಾಗ ತೆಗೆದಿಟ್ಟದ್ದು ಎಲ್ಲೋ ಒಳಗೆ ನೆನಪಿತ್ತು ಅಷ್ಟೇ. ಇನ್ನೊಮ್ಮೆ ಪಾಕೀಟು ಕಳೆದಾಗ ಇದೇ ರೀತಿ ಮಾಡಿದೆ, ಮಂಚದ ಕೆಳಗೆ ಅಂತ ತೋರಿಸಿತು, ಅಲ್ಲಿರಲಿಲ್ಲ, ಕೊನೆಗೂ ಸಿಗಲಿಲ್ಲ. ನಾನು ಅದನ್ನು ರಸ್ತೆಯಲ್ಲಿ ಬೀಳಿಸಿದ್ದರೆ ನನ್ನ ಕೈಗಾದರೂ ಹೇಗೆ ಗೊತ್ತಿರಬೇಕು? ಅಂದರೆ ದಾರವನ್ನು ಕೇಳಬೇಕಾದದ್ದು ನಿಮ್ಮೊಳಗೆ ಇರಬಹುದಾದ ಉತ್ತರಗಳನ್ನು. ಲಾಟರಿ ನಂಬರ್, ಇನ್ನೊಬ್ಬರ ಮನಸ್ಸು, ಪರೀಕ್ಷೆಯ ಫಲಿತಾಂಶ ಇವೆಲ್ಲ ಅದಕ್ಕೆ ಗೊತ್ತಿಲ್ಲ.

ಮೇಣದ ಬತ್ತಿಯ ಮಾಟ

ಒಂದು ಸಣ್ಣ ಬತ್ತಿ ಸಾಕು, ಅಲುಗಾಡದ ತಟ್ಟೆಯ ಮೇಲೆ. ಪರದೆ, ಕಾಗದ, ಕೂದಲು ದೂರ ಇರಲಿ. ಸೂಜಿಯಿಂದ ಬತ್ತಿಯ ಮೈಮೇಲೆ ಒಂದೇ ಪದ ಕೊರೆಯಿರಿ. ವಾಕ್ಯ ಕೊರೆಯಲು ಹೋಗಬೇಡಿ, ಒಂದು ಪದಕ್ಕೆ ಇಳಿಸುವುದೇ ಇಲ್ಲಿನ ಮುಖ್ಯ ಕೆಲಸ. ‘ಮನೆಯಲ್ಲಿ ಜಗಳ ಕಡಿಮೆಯಾಗಲಿ, ನನಗೂ ಸಿಟ್ಟು ಬೇಗ ಬರದಿರಲಿ, ಎಲ್ಲರೂ ನೆಮ್ಮದಿಯಿಂದಿರಲಿ’ ಅನ್ನುವುದನ್ನು ‘ತಾಳ್ಮೆ’ ಅಂತ ಇಳಿಸುವಷ್ಟರಲ್ಲಿ ಏನು ಬೇಕು ಅನ್ನುವುದು ನಿಮಗೇ ತಿಳಿಯುತ್ತದೆ.

ಹಚ್ಚಿ. ಆ ಪದವನ್ನು ಮೂರು ಸಲ ಬಾಯಿಬಿಟ್ಟು ಹೇಳಿ. ಹತ್ತು ನಿಮಿಷ ಉರಿ ನೋಡುತ್ತಾ ಕುಳಿತುಕೊಳ್ಳಿ. ಎದ್ದು ಹೋಗುವ ಮುಂಚೆ ಬತ್ತಿ ಆರಿಸಿ. ಊದಿ ಆರಿಸಿದರೆ ಮಾಟ ಕೆಡುತ್ತದೆ ಅಂತ ಕೆಲವರು ಹೇಳುತ್ತಾರೆ, ನನಗೆ ಹಾಗೇನೂ ಕಂಡಿಲ್ಲ. ಉರಿಯುವ ಬತ್ತಿ ಬಿಟ್ಟು ಮಲಗುವುದು ಮಾತ್ರ ಖಂಡಿತ ಬೇಡ, ‘ಪೂರ್ತಿ ಉರಿದರೇ ಫಲ’ ಅಂತ ಯಾರು ಹೇಳಿದರೂ ಬೇಡ. ಉಳಿದದ್ದನ್ನು ಮರುದಿನ ಹಚ್ಚಿ, ಬತ್ತಿ ಮುಗಿಯುವವರೆಗೆ ದಿನಕ್ಕೆ ಹತ್ತು ನಿಮಿಷ.

ಉರಿ ನಡುಗಿದರೆ, ಹೊಗೆ ಬಂದರೆ ಅಪಶಕುನ ಅನ್ನುತ್ತಾರಲ್ಲ, ಮೊದಲು ಕಿಟಕಿ ನೋಡಿ, ಆಮೇಲೆ ಬತ್ತಿಯ ನೂಲು ನೋಡಿ. ನೂಲು ಉದ್ದವಾದರೆ ಹೊಗೆಯಾಡುತ್ತದೆ, ಅರ್ಧ ಸೆಂಟಿಮೀಟರಿಗೆ ಕತ್ತರಿಸಿದರೆ ಸರಿಹೋಗುತ್ತದೆ. ಶಕುನ ನೋಡಬೇಕು ಅನ್ನಿಸಿದರೆ ಕರಗಿದ ಮೇಣವನ್ನು ತಣ್ಣೀರಿನ ಬಟ್ಟಲಿಗೆ ನಾಲ್ಕು ಹನಿ ಬಿಡಿ. ತಕ್ಷಣ ಗಟ್ಟಿಯಾಗಿ ಆಕಾರ ಕಟ್ಟುತ್ತದೆ. ಬಟ್ಟಲನ್ನು ತಿರುಗಿಸುತ್ತಾ ಏನು ಕಾಣುತ್ತದೆ ಅಂತ ಬರೆಯಿರಿ. ಚಹಾ ಸೊಪ್ಪಿನ ಶಕುನವೂ ಇದೇ ಬಗೆಯದು: ಸೋಸದೆ ಕುಡಿದು, ತಳದಲ್ಲಿ ಒಂದು ಗುಟುಕು ಉಳಿಸಿ, ಲೋಟವನ್ನು ಮೂರು ಸಲ ತಿರುಗಿಸಿ ತಟ್ಟೆಯ ಮೇಲೆ ಬೋರಲು ಹಾಕಿ. ಅಂಚಿನ ಹತ್ತಿರ ಅಂಟಿದ್ದು ಬೇಗ ಆಗುವುದು, ತಳದ್ದು ತಡವಾಗಿ ಆಗುವುದು ಅಂತ ಓದುವುದು ವಾಡಿಕೆ.

ಗಂಟಿನ ಮಾಟ

ನನಗೆ ತುಂಬಾ ಇಷ್ಟವಾದದ್ದು, ಖರ್ಚೂ ಇಲ್ಲ. ಉತ್ತರ ಯುರೋಪಿನ ನಾವಿಕರ ಹಳೆಯ ಕಥೆಗಳಲ್ಲಿ ಗಾಳಿಯನ್ನು ಹಗ್ಗದ ಮೂರು ಗಂಟಿನಲ್ಲಿ ಕಟ್ಟಿ ಮಾರುವ ಮಾಟಗಾತಿಯರು ಬರುತ್ತಾರೆ. ಒಂದು ಗಂಟು ಬಿಚ್ಚಿದರೆ ತಂಗಾಳಿ, ಎರಡನೆಯದಕ್ಕೆ ಒಳ್ಳೇ ಗಾಳಿ, ಮೂರನೆಯದನ್ನು ಬಿಚ್ಚಿದರೆ ಬಿರುಗಾಳಿ.

ಮೊಳದುದ್ದ ನೂಲಿನ ದಾರ ತೆಗೆದುಕೊಳ್ಳಿ. ಹಿಡಿದ ಕೆಲಸವನ್ನು ಮೂರು ಭಾಗ ಮಾಡಿ. ಒಂದೊಂದು ಭಾಗವನ್ನು ಜೋರಾಗಿ ಹೇಳಿ ಒಂದೊಂದು ಗಂಟು ಹಾಕಿ. ದಾರ ಜೇಬಿನಲ್ಲಿರಲಿ. ಆ ಭಾಗ ಮುಗಿದ ದಿನವೇ ಗಂಟು ಬಿಚ್ಚಬೇಕು, ಅದಕ್ಕೂ ಮುಂಚೆ ಬಿಚ್ಚುವಂತಿಲ್ಲ. ಜೇಬಿಗೆ ಕೈ ಹಾಕಿದಾಗಲೆಲ್ಲ ಬೆರಳಿಗೆ ಗಂಟು ಸಿಗುತ್ತದೆ. ನಾನು ವರ್ಷಗಟ್ಟಲೆ ಮುಂದೂಡಿದ್ದ ಹಲ್ಲಿನ ಚಿಕಿತ್ಸೆ ಮುಗಿಸಿದ್ದು ಹೀಗೇ. ಮೂರನೇ ಗಂಟು ಅಷ್ಟು ದಿನದಲ್ಲಿ ಎಷ್ಟು ಬಿಗಿದುಕೊಂಡಿತ್ತು ಅಂದರೆ ಸೂಜಿ ಹಾಕಿ ಎಬ್ಬಿಸಬೇಕಾಯಿತು, ಬಿಚ್ಚಿಕೊಂಡಾಗ ಆ ದಾರದಲ್ಲಿ ಇನ್ನೂ ಗಂಟಿನ ಸುಕ್ಕು ಉಳಿದಿತ್ತು. ಅದನ್ನು ನೋಟ್‌ಬುಕ್ಕಿಗೆ ಅಂಟಿಸಿ ಇಟ್ಟಿದ್ದೇನೆ.

ಉಪ್ಪು, ಹೊಗೆ, ಚಂದ್ರ

ಇವು ಚಿಕ್ಕ ವಿಷಯ, ಬೇಗ ಹೇಳುತ್ತೇನೆ. ಜಗಳವಾದ ಕೋಣೆಯನ್ನು ಮೊದಲು ಗುಡಿಸಿ, ಕಿಟಕಿ ತೆರೆದು, ಒಂದು ಸಣ್ಣ ಬಟ್ಟಲು ಉಪ್ಪನ್ನು ಮೂಲೆಯಲ್ಲಿ ಒಂದು ರಾತ್ರಿ ಇಡಿ, ಬೆಳಗ್ಗೆ ನೀರಿನಲ್ಲಿ ಕರಗಿಸಿ ಸಿಂಕಿಗೆ ಚೆಲ್ಲಿ. ಗಿಡಕ್ಕೆ ಹಾಕಬೇಡಿ, ಉಪ್ಪು ಬೇರನ್ನು ಕೊಲ್ಲುತ್ತದೆ. ಗಿಡದ ಎಲೆ, ಬೇರು ಸುಟ್ಟು ಹೊಗೆ ಹಾಕುವುದನ್ನು ಉಬ್ಬಸದವರು ಅಥವಾ ಕೂಸು ಇರುವ ಮನೆಯಲ್ಲಿ ಬಿಟ್ಟುಬಿಡಿ. ಸುಗಂಧ ತೈಲಗಳಲ್ಲಿ ಹಲವು ಬೆಕ್ಕಿಗೆ ವಿಷ, ಅದನ್ನೂ ನೆನಪಿಡಿ.

ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸುಮಾರು 29.5 ದಿನ. ಚಂದ್ರ ಬೆಳೆಯುವಾಗ ಹೊಸದನ್ನು ಶುರು ಮಾಡುವುದು, ಹುಣ್ಣಿಮೆಗೆ ನಿಂತು ನೋಡುವುದು, ಕರಗುವಾಗ ಬಿಡಬೇಕಾದ್ದನ್ನು ಬಿಡುವುದು. ಚಂದ್ರ ಏನೋ ಮಾಡಿಬಿಡುತ್ತಾನೆ ಅಂತ ನಾನು ಹೇಳುವುದಿಲ್ಲ. ಆದರೆ ಎರಡು ವಾರ ಹಿಡಿ, ಎರಡು ವಾರ ಬಿಡು ಅನ್ನುವ ಗಡಿಯಾರ ಆಕಾಶದಲ್ಲೇ ಇದ್ದರೆ ತುಂಬಾ ಅನುಕೂಲ.

ನೀರು, ಕನ್ನಡಿ ನೋಡುವುದು

ಇದು ಕೊನೆಗೆ, ಬೇರೆಲ್ಲ ರೂಢಿಯಾದ ಮೇಲೆ. ಕಪ್ಪು ಬಟ್ಟಲಿನಲ್ಲಿ ನೀರು ತುಂಬಿ, ಬೆನ್ನ ಹಿಂದೆ ಒಂದು ಮಂದ ಬೆಳಕು ಇಟ್ಟು, ಹತ್ತು ನಿಮಿಷ ನೀರಿನ ಮೇಲ್ಮೈ ನೋಡುತ್ತಾ ಇರಿ. ಇಂಗ್ಲೆಂಡಿನ ಮೊದಲನೇ ಎಲಿಜಬೆತ್ ರಾಣಿಯ ಕಾಲದ ವಿದ್ವಾಂಸ ಜಾನ್ ಡೀ ಹೀಗೆ ನೋಡಲು ಬಳಸಿದ್ದು ಅನ್ನಲಾಗುವ ಕಪ್ಪು ಕನ್ನಡಿ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಮೆಕ್ಸಿಕೋದ ಆಸ್ಟೆಕ್ ಜನ ಜ್ವಾಲಾಮುಖಿಯ ಗಾಜನ್ನು ತಿಕ್ಕಿ ಮಾಡಿದ್ದು.

ಮಂದ ಬೆಳಕಿನಲ್ಲಿ ಒಂದೇ ಕಡೆ ನೋಡುತ್ತಿದ್ದರೆ ಸುತ್ತಲಿನದು ಮಾಯವಾಗುತ್ತದೆ, ಕನ್ನಡಿಯಲ್ಲಿ ನಿಮ್ಮ ಮುಖವೇ ಬೇರೆಯವರ ಮುಖದಂತೆ ಕಾಣಬಹುದು. ಕಣ್ಣಿನ ಸ್ವಭಾವವೇ ಅದು, ಟ್ರಾಕ್ಸ್ಲರ್ ಅನ್ನುವ ವೈದ್ಯ 1804ರಲ್ಲೇ ಹೀಗೆ ಸುತ್ತಲಿನದು ಮಾಯವಾಗುವುದನ್ನು ವಿವರಿಸಿದ್ದ. ಆದ್ದರಿಂದ ಕಂಡದ್ದಕ್ಕೆ ಹೆದರದೆ ಬರೆದುಕೊಳ್ಳಿ. ಹೆದರಿಕೆಯಾದರೆ ದೀಪ ಹಾಕಿ ಎದ್ದುಬಿಡಿ. ಇಲ್ಲದ್ದು ಕಾಣುವ, ಕೇಳುವ ತೊಂದರೆ ಹಿಂದೆ ಆಗಿದ್ದವರು ಇದನ್ನು ಮಾಡಲೇಬೇಡಿ.

ಮಾಡಬಾರದ ಕೆಲವು

ರೋಗದ ವಿಷಯ ಎಲೆಗೆ ಕೇಳಬೇಡಿ, ಡಾಕ್ಟರನ್ನು ಕೇಳಿ. ಇನ್ನೊಬ್ಬರ ಒಪ್ಪಿಗೆಯಿಲ್ಲದೆ ಅವರ ಹೆಸರಲ್ಲಿ ಬತ್ತಿ ಹಚ್ಚಬೇಡಿ, ಎಲೆ ತೆಗೆಯಬೇಡಿ. ಒಂದೇ ಪ್ರಶ್ನೆಯನ್ನು ಒಂದೇ ದಿನ ಎರಡನೇ ಸಲ ಕೇಳಬೇಡಿ, ಬೇಕಾದ ಎಲೆ ಬರುವವರೆಗೆ ತೆಗೆಯುತ್ತಾ ಹೋಗುವುದು ಚಟವಾಗುತ್ತದೆ. ಮನೆಗೆ ಏನೋ ಕೆಟ್ಟದಾದಾಗ ‘ಇದು ಅವರೇ ಮಾಡಿಸಿದ್ದು’ ಅಂತ ಯಾರತ್ತಲೂ ಬೆರಳು ತೋರಿಸಬೇಡಿ. 1692ರಲ್ಲಿ ಅಮೆರಿಕದ ಸೇಲಂನಲ್ಲಿ ಇಂಥ ಬೆರಳುಗಳಿಂದಲೇ 19 ಜನರನ್ನು ಗಲ್ಲಿಗೇರಿಸಿದರು. ‘ನಿಮ್ಮ ಮೇಲೆ ಶಾಪವಿದೆ, ಇಷ್ಟು ದುಡ್ಡು ಕೊಟ್ಟರೆ ತೆಗೆಯುತ್ತೇನೆ’ ಅನ್ನುವವರು ಸಿಕ್ಕರೆ ಮಾತು ಬೆಳೆಸದೆ ಎದ್ದು ಬನ್ನಿ. ನನ್ನ ಮೊದಲ ವರ್ಷದಲ್ಲಿ ಹಾಗೆ ಒಬ್ಬರ ಮುಂದೆ ಕುಳಿತು ಅತ್ತಿದ್ದೇನೆ, ಆ ಭಯ ಹೋಗಲು ತಿಂಗಳುಗಳೇ ಹಿಡಿದವು.

ತಿಂಗಳಿಗೊಮ್ಮೆ

ಅಮಾವಾಸ್ಯೆಯ ಹಿಂದುಮುಂದಿನ ಒಂದು ಸಂಜೆ ನೋಟ್‌ಬುಕ್ ಬಿಚ್ಚಿ. ಬಲಭಾಗದಲ್ಲಿ ನಡೆದದ್ದನ್ನು ತುಂಬಿ. ಸರಿಹೊಂದಿದ್ದಕ್ಕೆ ಒಂದು ಸರಿ ಗುರುತು, ತಪ್ಪಿದ್ದಕ್ಕೆ ಅಡ್ಡಗೆರೆ, ಹೇಗೆ ಬೇಕಾದರೂ ಓದಬಹುದು ಅನ್ನುವಂಥದ್ದಕ್ಕೆ ಸೊನ್ನೆ. ಸೊನ್ನೆ ಹಾಕುವುದರಲ್ಲಿ ಪ್ರಾಮಾಣಿಕವಾಗಿರಿ, ಶುರುವಿನಲ್ಲಿ ಅವೇ ಜಾಸ್ತಿ ಇರುತ್ತವೆ.

ಆಮೇಲೆ ಬರೀ ಪ್ರಶ್ನೆಗಳನ್ನು ಒಂದರ ಕೆಳಗೊಂದು ಓದಿ, ಎಲೆಯನ್ನೂ ಉತ್ತರವನ್ನೂ ಬಿಟ್ಟು. ನಾನು ಮೊದಲ ಸಲ ಹೀಗೆ ಓದಿದಾಗ ಎರಡು ತಿಂಗಳಲ್ಲಿ ಒಂಬತ್ತು ಸಲ, ಬೇರೆ ಬೇರೆ ಮಾತಿನಲ್ಲಿ, ಅಕ್ಕನ ಬಗ್ಗೆಯೇ ಕೇಳಿದ್ದೆ. ಆ ಹೊತ್ತಿಗೆ ನಾವಿಬ್ಬರೂ ಮಾತು ಬಿಟ್ಟು ಒಂದು ವರ್ಷವಾಗಿತ್ತು. ಹತ್ತನೇ ಸಲ ಎಲೆ ಕಲೆಸಲಿಲ್ಲ. ಆ ಪುಟದ ಎಡಭಾಗದಲ್ಲಿ ತಾರೀಖು ಮತ್ತು ‘ಅಕ್ಕನಿಗೆ ಫೋನ್’ ಅಂತ ಮಾತ್ರ ಇದೆ, ಬಲಭಾಗದಲ್ಲಿ ನಾವು ಮಾತಾಡಿದ ಹೊತ್ತು: ಒಂದು ಗಂಟೆ ನಲವತ್ತು ನಿಮಿಷ.